ಹಿಂದಿನ ಸೀಟಿನ ಅತ್ತೆ

ಕೇಳಿ ಗೆಳೆಯರೇ, ಒಂದು ತಿಂಗಳಿಂದ ನನ್ನ ಕಾರಿನ ಎಂಜಿನ್ ನಡುರಸ್ತೆಯಲ್ಲಿ ಆಗಾಗ ಆಫ್ ಆಗುತ್ತಿತ್ತು. ಶಿರಾ ಗೇಟಿನ ಮೆಕ್ಯಾನಿಕ್ ಓಡಿಸಿದರೆ ಮಾತ್ರ ಏನೂ ಆಗುತ್ತಿರಲಿಲ್ಲ. ಇವತ್ತೂ ಒಂದು ಸುತ್ತು ಹೊಡೆದು ಬಂದು, "ಗಾಡಿ ಚೆನ್ನಾಗೈತೆ. ನಿಮ್ಗೇ ಕ್ಲಚ್ ಬಿಡಾಕ್ ಬರಲ್ಲ ಮೇಡಂ" ಎಂದ. ನನಗೆ ಅಳುವೇ ಬಂತು.

ಜೊತೆಗಿದ್ದ ನಮ್ಮತ್ತೆ, "ನಾನ್ ಹಿಂದೆ ಕೂತಾಗ್ಲೇ ಕಣಪ್ಪ ಇದು ನಿಲ್ಲೋದು, ನೋಡು" ಎಂದು ಹತ್ತಿ ಕೂತರು. ಓಡುತ್ತಿದ್ದ ಎಂಜಿನ್ ನಿಂತಿತು! ಅವರು ಎದ್ದ ಮೇಲೆ ಸ್ಟಾರ್ಟ್ ಆಯಿತು. ಕೂತರೆ ಮತ್ತೆ ಆಫ್.

ಸೀಟು ಎತ್ತಿ ನೋಡಿದರೆ, ಅದರಡಿಯಲ್ಲಿ ಪೆಟ್ರೋಲ್ ಪಂಪಿನ ವೈರು ಸಡಿಲವಾಗಿತ್ತು. ಭಾರ ಬಿದ್ದಾಗ ಬಿಟ್ಟುಕೊಳ್ಳುತ್ತಿತ್ತು. "ತಪ್ಪಾಯ್ತು ಮೇಡಂ" ಎನ್ನುತ್ತಾ ಸರಿಮಾಡಿದ.

"ನನ್ ಸೊಸೆ ಡ್ರೈವಿಂಗ್ ಬಗ್ಗೆ ಇನ್ನೊಂದ್ಸಲ ಮಾತಾಡ್ಬ್ಯಾಡ!" ಎಂದು ಅತ್ತೆ ಗದರಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಕಾರು ಗ್ಯಾರೇಜು ದಾಟುತ್ತಿದ್ದಂತೆ ಹಿಂದಿನಿಂದ ದನಿ ಬಂತು: "ನಿಧಾನ ಕಣೇ, ಬ್ರೇಕ್ ಎಲ್ಲೈತೆ ಅಂತ ಗೊತ್ತು ತಾನೇ?"