ಕೃಷ್ಣವೇಣಿಯ ಸೆಲ್ಲಿನ ಮಷೀನು

ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಕೃಷ್ಣವೇಣಿಗೆ ಗದ್ದದ ಮೇಲೆ ಕೂದಲು ಬರುತ್ತಿತ್ತು. ಬರುತ್ತಿತ್ತು, ಅಷ್ಟೇ. ಅವಳೇನು ಬೀಜ ಹಾಕಿ ನೀರೆರೆದಿದ್ದಳೇ? ಆದರೂ ಎರಡು ಕಡೆಯ ಗಂಡಿನವರು ಉಪ್ಪಿಟ್ಟು ತಿಂದು, ಅವಳ ಮುಖವನ್ನು ಹತ್ತಿರದಿಂದ ನೋಡಿ, ಕಾಗದ ಬರೆಯುತ್ತೇವೆ ಅಂತ ಹೋದವರು ಬರೆಯಲೇ ಇಲ್ಲ. ತಾಯಿ ಅರಿಸಿನ, ಕಡಲೆಹಿಟ್ಟು ತಿಕ್ಕಿ ತಿಕ್ಕಿ ಮಗಳ ಗದ್ದ ಕೆಂಪು ಮಾಡಿದರೇ ಹೊರತು ಕೂದಲು ಜಪ್ಪಯ್ಯ ಅನ್ನಲಿಲ್ಲ.

೧೯೬೪ರಲ್ಲಿ ಸಿಂಗಪುರದಿಂದ ರಜೆಗೆ ಬಂದ ಸೋದರಮಾವ, ಹೆಂಗಸರಿಗೆಂದೇ ಮಾಡಿದ ಪುಟ್ಟ ಮಷೀನೊಂದನ್ನು ತಂದುಕೊಟ್ಟ. ಟಾರ್ಚಿನ ಸೆಲ್ಲು ಹಾಕಿ ಗದ್ದದ ಮೇಲೆ ಆಡಿಸಿದರೆ ಎರಡೇ ನಿಮಿಷಕ್ಕೆ ನುಣ್ಣಗೆ. ಎರಡು ದಿನ ಕಳೆದರೆ ಮತ್ತೆ ಮುಳ್ಳು ಮುಳ್ಳು. ಬಚ್ಚಲಮನೆಯ ಚಿಲಕ ಹಾಕಿಕೊಂಡು ಅವಳು ಕೆಲಸ ಮುಗಿಸುತ್ತಿದ್ದಳು.

ಮೂರನೆಯ ಗಂಡು ಶೇಷಗಿರಿ, ಯಶವಂತಪುರದ ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತ. ಅವಳನ್ನು ನೋಡಿ ನಕ್ಕ. ಅವಳಿಗೂ ಹಿಡಿಸಿದ, ಸುಳ್ಳು ಯಾಕೆ ಹೇಳಬೇಕು? ಅಷ್ಟರಲ್ಲಿ ಅವನ ತಾಯಿ ತುಂಗಮ್ಮ, "ನಮ್ದು ಚಿಕ್ಕ ಮನೆ ಕಣಮ್ಮ. ಏಳು ಜನಕ್ಕೆ ಒಂದೇ ರೂಮು, ಬಚ್ಚಲಿಗೆ ತಗಡಿನ ಮರೆ ಅಷ್ಟೇ. ಹೊಂದ್ಕೊಂಡ್ ಹೋಗ್ತೀಯಾ?" ಅಂದರು.

ಕೃಷ್ಣವೇಣಿಗೆ ತನ್ನ ಬಚ್ಚಲಮನೆಯ ಚಿಲಕ ನೆನಪಾಯಿತು. ಅಂಥ ಮನೆಯಲ್ಲಿ ಎಷ್ಟು ದಿನ ಮುಚ್ಚಿಡುವುದು? ಆಮೇಲೆ ಮೋಸ ಮಾಡಿದಳು ಅನ್ನಿಸಿಕೊಳ್ಳುವುದಕ್ಕಿಂತ ಈ ಸಂಬಂಧವೂ ತಪ್ಪಿಹೋದರೆ ಹೋಗಲಿ.

"ನಂಗೆ ಗದ್ದದಲ್ಲಿ ಕೂದಲು ಬರತ್ತೆ. ಎರಡು ದಿನಕ್ಕೊಂದ್ಸಲ ಸೆಲ್ಲಿನ ಮಷೀನಲ್ಲಿ ತೆಗೀತೀನಿ," ಅಂದುಬಿಟ್ಟಳು.

"ಅಯ್ಯೋ, ನಿನ್ ಬಾಯಿಗಿಷ್ಟು!" ಅಂತ ಅವಳ ತಾಯಿ ಹಣೆ ಚಚ್ಚಿಕೊಂಡರು. ಶೇಷಗಿರಿ ತನ್ನ ತಾಯಿಯ ಮುಖ ನೋಡಿದ.

ತುಂಗಮ್ಮ ಎದ್ದು, ಕೃಷ್ಣವೇಣಿಯ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು. ಕಿಟಕಿಯ ಬೆಳಕಿಗೆ ತಮ್ಮ ಗದ್ದ ಎತ್ತಿ ತೋರಿಸಿದರು. ಚರ್ಮದ ತುಂಬ ಸಣ್ಣ ಸಣ್ಣ ಕಪ್ಪು ಕಲೆ.

"ಇಪ್ಪತ್ತೆಂಟು ವರ್ಷದಿಂದ ಚಿಮ್ಮಟದಲ್ಲಿ ಕೀಳ್ತಿದೀನಿ, ಮನೇಲಿ ಯಾರೂ ಏಳೋಕ್ ಮುಂಚೆ. ನಮ್ಮನೆಯವ್ರಿಗೂ ಗೊತ್ತಿಲ್ಲ." ಅವರ ಕಣ್ಣು ತುಂಬಿತು. "ಎಲ್ಲರ ಮುಂದೆ ಹ್ಯಾಗ್ ಹೇಳ್ದೆ ನೀನು?"



ತುಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮದುವೆ ಆಗಿ ಬರೋವಾಗ ಸೆಲ್ಲು ಜಾಸ್ತಿ ತಗೊಂಡ್ ಬಾ," ಅಂದರು. "ಇಬ್ಬರಿಗೆ ಆಗ್ಬೇಕಲ್ಲ."