ಅರಿಶಿನದ ಮನೆಯ ಕೂಸು

ಮಿರಜಿನ ಒಂದು ದವಾಖಾನೆಯಲ್ಲಿ ನಾನು ನರ್ಸು. ಆಗತಾನೇ ಹುಟ್ಟಿದ ಕೂಸುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೂಸು ಕೈಗೆ ಬಂದ ಕೂಡಲೇ ಮೊದಲು ಕಿಟಕಿಯ ಹತ್ತಿರ ಒಯ್ಯುತ್ತೇನೆ, ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣವನ್ನು ನಂಬಬಾರದು. ಹಣೆಯ ಮೇಲೆ ಬೆರಳೊತ್ತಿ ತೆಗೆದರೆ ಒತ್ತಿದ ಜಾಗ ಅರೆಗಳಿಗೆ ಬಿಳಿಚಿಕೊಳ್ಳುತ್ತದೆ. ಅಲ್ಲಿ ಹಳದಿ ಕಂಡರೆ ಎದೆ, ಹೊಟ್ಟೆ, ತೊಡೆ ಎಂದು ಒತ್ತುತ್ತ ಇಳಿಯಬೇಕು. ಕಾಮಾಲೆ ಮೇಲಿನಿಂದ ಕೆಳಗೆ ಇಳಿಯುವ ರೋಗ, ಅಂಗಾಲು ಮುಟ್ಟಿತೆಂದರೆ ಓಡಬೇಕು. ಇದನ್ನೇ ಮಾಡಿ ಮಾಡಿ ಈಗ ಬಸ್ಸಿನಲ್ಲಿ ಪಕ್ಕದವರ ಮಡಿಲಲ್ಲಿ ಕೂಸಿದ್ದರೂ ನನ್ನ ಬೆರಳು ಸುಮ್ಮನಿರುವುದಿಲ್ಲ. ಮ್ಹೈಸಾಳದಿಂದ, ಮಾಲಗಾಂವದಿಂದ ಗುರುತು ಪರಿಚಯ ಇಲ್ಲದವರು ಕೂಸು ಕಟ್ಟಿಕೊಂಡು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ತವರಿನವರು ಮಾತ್ರ ನನ್ನ ಕೈಗೆ ಕೂಸು ಕೊಡಲಿಲ್ಲ.

ತವರೇನು ದೂರವಲ್ಲ, ಸಾಂಗಲಿ. ಅಪ್ಪನದು ಅರಿಶಿನದ ವ್ಯಾಪಾರ, ಅಜ್ಜನದೂ ಅದೇ. ನಾವು ಶಾಲೆಗೆ ಹೋದರೆ ನಮ್ಮ ಪಾಟಿಚೀಲಕ್ಕೂ ಅದರದೇ ವಾಸನೆ. ಬೇರೆ ಮನೆಗಳಲ್ಲಿ ಕೂಸಿನ ಎಣ್ಣೆಗೆ ಚಿಟಿಕೆ ಅರಿಶಿನ ಹಾಕುತ್ತಾರೆ. ನಮ್ಮ ಮನೆಯಲ್ಲಿ ಒಳ್ಳೆಯ ಕೊಂಬು ಆರಿಸಿ, ಕುಟ್ಟಿ, ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ, ನೆತ್ತಿಯಿಂದ ಅಂಗಾಲಿನವರೆಗೆ ಬಳಿಯುತ್ತಾರೆ. ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟುವ ತನಕ ಅದನ್ನು ತೊಳೆಯುವ ಹಾಗಿಲ್ಲ, ದಿನಾ ಮೇಲೆ ಮೇಲೆ ಹಚ್ಚುವುದೇ. ಬೇರೆ ಯಾರ ಮನೆಯಲ್ಲೂ ನಾನು ಈ ಪದ್ಧತಿ ಕಂಡಿಲ್ಲ. ವ್ಯಾಪಾರದ ಜಂಬ ಕೂಸಿನ ಮೈಮೇಲೆ ಹತ್ತಿತ್ತು, ಅಷ್ಟೇ.

ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು, ಬೇಗನೇ ಮನೆಗೂ ಕರೆತಂದರು. ನೋಡಲು ಬರುತ್ತೇನೆಂದು ನಾನು ಫೋನು ಮಾಡಿದರೆ ಅವ್ವ ಅಂದಳು: "ಲಿಂಗಾ ಕಟ್ಟೂತನಕ ತಡಿಯವಾ. ನಿಂದು ಹತ್ತ ಮಂದಿ ಕೂಸು ಮುಟ್ಟಿದ ಕೈ. ಸತ್ತದ್ದನ್ನೂ ಎತ್ತಿರ್ತಿ."

ನಮ್ಮದು ಹೆರಿಗೆಯ ಸೂತಕ ಇಲ್ಲ ಎಂದು ಊರ ಮುಂದೆ ಹೇಳಿಕೊಳ್ಳುವ ಮನೆತನ. ನೆರೆಯವರು ಬಂದು ಕೂಸು ನೋಡಿ ಹೋದರು, ಅಂಗಡಿಯ ಹಮಾಲರೂ ಬಾಗಿಲಲ್ಲಿ ನಿಂತು ನೋಡಿ ಹೋದರು. ಸೂತಕ ಇದ್ದದ್ದು ನನ್ನ ಕೈಗೆ ಮಾತ್ರ. ಆ ಕೈಯ ಪಗಾರದಲ್ಲೇ ತಂಗಿಯ ಸೀಮಂತದ ಸೀರೆ ಬಂದಿತ್ತು, ಅದಕ್ಕೆ ಯಾರೂ ಮೈಲಿಗೆ ಅನ್ನಲಿಲ್ಲ.

ಲಿಂಗ ಕಟ್ಟುವ ದಿನ ಹೋದೆ. ಮನೆ ತುಂಬ ಮಂದಿ. ಕೂಸು ಅವ್ವನ ಮಡಿಲಲ್ಲಿತ್ತು. ಮೈಯೆಲ್ಲ ಹಳದಿ, ಕಣ್ಣಿಗೆ ದಪ್ಪ ಕಾಡಿಗೆ.

"ಎಷ್ಟ ಶಾಣ್ಯಾ ಕೂಸರಿ!" ಎಂದು ಓಣಿಯ ಕಾಕು ಒಬ್ಬರು ಹೊಗಳುತ್ತಿದ್ದರು. "ಅಳೂದಿಲ್ಲ, ಹಾಲಿಗೂ ಕಾಡೂದಿಲ್ಲ, ಬರೇ ಮಲಗತೈತಿ."

ನಾನು ಕೂಸಿನ ಹತ್ತಿರ ಬಗ್ಗಿದೆ. ಹಾಲಿಗೆ ಕಾಡದ ಕೂಸು ಶಾಣ್ಯಾ ಕೂಸಲ್ಲ, ಅದಕ್ಕೆ ಎಚ್ಚರವಾಗಲು ಶಕ್ತಿಯೇ ಇಲ್ಲ. ಹಣೆ ಒತ್ತಿದೆ, ನನ್ನ ಬೆರಳೇ ಹಳದಿಯಾಗಿ ಬಂತು. ಅಂಗಾಲಿಗೂ ಅರಿಶಿನ. ನೋಡುವುದಾದರೂ ಏನನ್ನು?

"ಅವ್ವಾ, ಬಿಸಿನೀರ ಕೊಡು. ಮೈ ತೊಳದು ನೋಡತೀನಿ. ಕಾಮಣಿ ಇದ್ದಂಗೈತಿ."

"ಅರಿಷಿಣಾ ಹಚ್ಚಿದ ಕೂಸು ಹಳದಿ ಇರದ ಹಸರ ಇರತೈತೇನು?" ಅವ್ವ ಮಂದಿಯ ಕಡೆ ತಿರುಗಿ ಹೇಳಿದಳು. "ನಮ್ಮ ನರ್ಸಬಾಯಿಗೆ ಎಲ್ಲಾ ಕೂಸೂ ಜಡ್ಡಿನವ ಕಾಣ್ತಾವರಿ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಾನು ಕೈ ತೊಳೆದುಕೊಂಡು ಬಂದು ಕೂಸಿನ ಬಾಯಿಗೆ ಕಿರುಬೆರಳಿಟ್ಟೆ. ಚೀಪಲಿಲ್ಲ. ತುಟಿ ಎತ್ತಿ ವಸಡು ನೋಡಿದೆ. ವಸಡಿಗೆ ಯಾರೂ ಅರಿಶಿನ ಹಚ್ಚುವುದಿಲ್ಲ. ಅದೂ ಹಳದಿಯಾಗಿತ್ತು.

ಆಮೇಲೆ ನಾನು ಕಿರುಚಿದ್ದು ಓಣಿಗೆಲ್ಲ ಕೇಳಿತಂತೆ. "ಮಂದಿ ಮುಂದ ಮಾನಾ ಕಳೀಬ್ಯಾಡ" ಎಂದು ಅಪ್ಪ ಅನ್ನುತ್ತಿದ್ದ. ಕೂಸನ್ನು ಅವ್ವನ ಮಡಿಲಿಂದ ಕಸಿದುಕೊಂಡೆ, ತಂಗಿಯ ರಟ್ಟೆ ಹಿಡಿದು ರಿಕ್ಷಾ ಹತ್ತಿಸಿದೆ. ಮಿರಜಿನ ದಾರಿಯುದ್ದಕ್ಕೂ ಅವಳು ಅಳುತ್ತ ಕೇಳಿದ್ದು ಒಂದೇ ಮಾತು: "ಅಕ್ಕಾ, ಕೂಸಿಗೆ ಏನರ ಆಗತೈತೇನ?"

"ಏನೂ ಆಗೂದಿಲ್ಲ," ಅಂದೆ. ನಾವು ನರ್ಸುಗಳು ಎಲ್ಲ ತಾಯಂದಿರಿಗೂ ಹೇಳುವ ಮಾತು ಅದು. ಅಷ್ಟರಲ್ಲಿ ಕೂಸು ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸಿ, ಸಣ್ಣಗೆ, ಚುಚ್ಚುವ ಹಾಗೆ ಅತ್ತಿತು. ಆ ಅಳುವನ್ನು ನಾನು ವಾರ್ಡಿನಲ್ಲಿ ಕೇಳಿದ್ದೆ. ಕಾಮಾಲೆ ಮಿದುಳಿಗೆ ಏರಿದ ಅಳು ಅದು.

ತಂಗಿಯ ರಕ್ತದ ಗುಂಪಿಗೂ ಕೂಸಿನದಕ್ಕೂ ಹೊಂದಿಕೆ ಇರಲಿಲ್ಲ, ಕಾಮಾಲೆ ಏರಿದ್ದು ಅದರಿಂದಲೇ. ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದೆವು. ಅದು ಸಾಲದೆ ಡಾಕ್ಟರು ಕೂಸಿನ ರಕ್ತವನ್ನೇ ಬದಲಿ ಮಾಡಿದರು. ಕೂಸು ಉಳಿಯಿತು. ಮನೆಯಲ್ಲಿ ಪೇಢೆ ಹಂಚಿದರು. ಕೂಸು ಕೂತಿತು, ನಿಂತಿತು, ನಡೆಯಿತು. ಬೆನ್ನ ಹಿಂದೆ ತಾಟು ಬಿದ್ದರೆ ಮಾತ್ರ ತಿರುಗಿ ನೋಡಲಿಲ್ಲ. ತಪಾಸಣೆಗೆ ಒಯ್ದಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಕಾಮಾಲೆ ಕಿವಿಯನ್ನು ಒಯ್ದಿದೆ, ಚಿಕಿತ್ಸೆ ಸಿಗಲು ತಡವಾಗಿತ್ತು.

ಅವ್ವ ಅದನ್ನು ಕೇಳಿಸಿಕೊಂಡಳು. ಓಣಿಗೆ ಹೇಳಿದ್ದು ಬೇರೆ: "ಆ ನೀಲಿ ಲೈಟಿನಾಗ ಇಟ್ಟರಲ್ಲರಿ, ಅದರ ಝಳಕ್ಕ ಕಿವಿ ಹೋದ್ವು. ನಮ್ಮ ದೊಡ್ಡಾಕೀನ ಒಯ್ದಿಟ್ಟಳು." ಇದನ್ನು ಆ ಹುಡುಗಿಯ ಎದುರಿಗೇ ಹೇಳುತ್ತಾಳೆ. ನಾನು ತಡೆಯಲು ಹೋದರೆ "ಅಕಿಗೇನ ಕೇಳಸತೈತಿ?" ಅನ್ನುತ್ತಾಳೆ. ಹುಡುಗಿ ನನ್ನ ಕೈ ಹಿಡಿದು ನಗುತ್ತ ನಿಂತಿರುತ್ತಾಳೆ. ನನಗೆ ಆಗ ಹೆತ್ತವಳ ಮೇಲೆ ಬರುವ ಸಿಟ್ಟನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳ ಬಾಯಿಗೆ ಅದೇ ಅರಿಶಿನ ಮೆತ್ತಬೇಕು ಅನ್ನಿಸುತ್ತದೆ. ನಾನು ಹೇಳಿದ ನಿಜ ಓಣಿಯಲ್ಲಿ ಯಾರಿಗೂ ಬೇಕಾಗಲಿಲ್ಲ. ಅರಿಶಿನ ಕೂಸಿಗೆ ಕೇಡು ಮಾಡಿತು ಎಂದರೆ ಸಾಂಗಲಿಯಲ್ಲಿ ಯಾರು ನಂಬುತ್ತಾರೆ? ಅರಿಶಿನ ಕೆಟ್ಟದ್ದಲ್ಲ ಮಹಾರಾಯ್ತಿಯರೇ, ಅದು ರೋಗವನ್ನು ಮುಚ್ಚಿಟ್ಟಿತು ಎಂದು ಬಾಯಿ ನೋಯುವ ಹಾಗೆ ಹೇಳಿದೆ.

ಈ ವರ್ಷ ತಂಗಿ ಮತ್ತೆ ಬಸುರಾದಳು. ಇಂಥ ರಕ್ತದವರಿಗೆ ಎರಡನೇ ಕೂಸಿಗೂ ಅದೇ ಗಂಡಾಂತರ ಇರುತ್ತದೆ, ಹುಟ್ಟಿದ ಕೂಡಲೇ ತೋರಿಸಿ ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ಹೆರಿಗೆಯಾದ ಸುದ್ದಿ ನನಗೆ ಗೊತ್ತಾದದ್ದು ಪೇಢೆಯ ಡಬ್ಬಿ ಬಂದಾಗ. ಓಡಿ ಹೋದರೆ ಅವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು. "ಒಂದರ ಕಿವಿ ತಿಂದಿ, ಸಾಕು," ಅಂದಳು. ಒಳಗಿನಿಂದ ತಂಗಿಯ ದನಿ ಬಂತು: "ಅಕ್ಕಾ, ಹೋಗು. ಜಗಳ ಬ್ಯಾಡ." ಅವ್ವನ ಮಾತಿಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು.

ಮರುದಿನ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ತಂಗಿ ನಿಂತಿದ್ದಳು. ಹಸಿ ಬಾಣಂತಿ, ತಲೆಗೆ ಕಿವಿಗೆ ಬಿಗಿಯಾಗಿ ಸ್ಕಾರ್ಫು, ಒಬ್ಬಳೇ. ಅವ್ವ ಮಲಗಿದಾಗ ಹೊರಬಿದ್ದಿದ್ದಳು. ಸೆರಗಿನೊಳಗಿದ್ದ ಕೂಸನ್ನು ನನ್ನ ಕೈಗೆ ಕೊಟ್ಟು, "ತೊಳದ ನೋಡು," ಅಂದಳು.

ಬೆಚ್ಚಗಿನ ನೀರಿನಲ್ಲಿ ತೊಳೆದೆ. ನೀರು ಹಳದಿಯಾಯಿತು. ಚೆಲ್ಲಿ ಮತ್ತೆ ತೊಳೆದೆ. ನೀರು ತಿಳಿಯಾದರೂ ಕೂಸು ಹಳದಿಯಾಗಿಯೇ ಇತ್ತು. ಕಿಟಕಿಯ ಹತ್ತಿರ ಒಯ್ದು ಒತ್ತಿ ನೋಡಿದೆ: ಹಣೆ, ಎದೆ, ಹೊಕ್ಕಳ ತನಕ ಇಳಿದಿತ್ತು. ತೊಡೆ, ಅಂಗಾಲು ಇನ್ನೂ ಕೆಂಪಗಿದ್ದವು. ಬೆರಳು ಬಾಯಿಗಿಟ್ಟರೆ ಗಟ್ಟಿಯಾಗಿ ಚೀಪಿತು. ವೇಳೆಗೆ ಸರಿಯಾಗಿ ತಂದಿದ್ದಳು.

ಡಾಕ್ಟರು ನೋಡಿ ನೀಲಿ ದೀಪಕ್ಕೆ ಹಾಕಲು ಹೇಳಿದರು. ಬಟ್ಟೆ ಬಿಚ್ಚಿ ಮಲಗಿಸಿದೆ, ಕಣ್ಣಿಗೆ ಪಟ್ಟಿ ಕಟ್ಟಿದೆ. ದೀಪ ಹಚ್ಚಲು ಕೈ ಚಾಚಿದಾಗ ತಂಗಿ ನನ್ನ ಕೈ ಹಿಡಿದಳು.

"ತಡಿ," ಅಂದಳು. ತನ್ನ ತಲೆಯ ಸ್ಕಾರ್ಫು ಬಿಚ್ಚಿ, ಮಡಚಿ, ಕೂಸಿನ ಎರಡೂ ಕಿವಿ ಮುಚ್ಚುವ ಹಾಗೆ ಕಟ್ಟತೊಡಗಿದಳು.

"ಹುಚ್ಚೀ, ಲೈಟಿನಿಂದ ಕಿವಿಗೆ ಏನೂ ಆಗೂದಿಲ್ಲ."

ಅವಳು ನನ್ನ ಮುಖ ನೋಡಲಿಲ್ಲ. "ಹೋದ ಸಲಾನೂ ರಿಕ್ಷಾದಾಗ ನೀ ಹಿಂಗ ಅಂದಿದ್ದಿ," ಅಂದಳು, ಮತ್ತೆ ಇನ್ನೊಂದು ಗಂಟು ಹಾಕಿದಳು.