ದೇವರ ಕೋಣೆಯ ಮೇಲಿನ ಹಂಚು

ಮೊನ್ನೆ ಆದಿತ್ಯವಾರ ನಮ್ಮ ಬೀದಿಯವರು ನನ್ನ ಸೊಸೆಗೆ ಶಾಲು ಹೊದೆಸಿದರು! ಹಣ್ಣಿನ ಬುಟ್ಟಿ ಕೊಟ್ಟರು, ಮೈಕ್ ಇಟ್ಟು ಭಾಷಣ ಮಾಡಿದರು, ಕಾರ್ಕಳ ಪೇಟೆಯಿಂದ ಫೋಟೋದವನನ್ನೂ ಕರೆಸಿದ್ದರು. ಈ ಹಳೆಯ ಸಾಲುಮನೆಗಳು ಇವತ್ತಿಗೂ ನಿಂತಿರುವುದು ಅವಳಿಂದ ಎಂದು ಎಲ್ಲರೆದುರು ಹೇಳಿದರು. ನಾನು ಎಲೆಯಡಿಕೆಯ ಕೆಂಪು ಹಲ್ಲು ಬಿಟ್ಟು ನಕ್ಕದ್ದು ಫೋಟೋದಲ್ಲಿ ಬಂದಿರಬಹುದು, ಬರಲಿ. ಮೊಮ್ಮಕ್ಕಳು ಸಿಳ್ಳೆ ಹೊಡೆದರು, ಬೈಯಲು ಮನಸ್ಸಾಗಲಿಲ್ಲ.

ಈ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಬರೆಯುತ್ತಿದ್ದೇನೆ. ಆದರೆ ಇದನ್ನು ಬರೆಯಬೇಕಾದರೆ ನನ್ನ ಮಗ ಸತ್ತದ್ದನ್ನೂ ಬರೆಯದೆ ಆಗುವುದಿಲ್ಲ.

ನಮ್ಮ ಸಾಲಿನಲ್ಲಿ ಮನೆಗಳು ಬೇರೆ ಬೇರೆಯಾದರೂ ಸೂರು ಒಂದೇ. ಅದಕ್ಕೆ ನಾವು ಮಾಡು ಎನ್ನುತ್ತೇವೆ. ಮಣ್ಣಿನ ಗೋಡೆ, ಹಲಸಿನ ಕಂಬಗಳ ಜಗಲಿ, ಮೇಲೆ ಈ ತುದಿಯಿಂದ ಆ ತುದಿಗೆ ಹಂಚು. ಒಬ್ಬರ ಮಾಡು ಸೋರಿದರೆ ಪಕ್ಕದವರ ಗೋಡೆಯೂ ನೆನೆಯುತ್ತದೆ. ತುದಿಯ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗೆ ಇದ್ದೇವೆ. ನಾನು ಕಾಪುವಿನಿಂದ ಮದುವೆಯಾಗಿ ಬಂದಾಗಿನಿಂದ ನನ್ನ ಗಂಡ, ಆಮೇಲೆ ಮಗ, ಬೇಸಗೆಯ ಕೊನೆಗೆ ಎಲ್ಲ ಮನೆಗಳ ಹಂಚು ಕೈಯಾಡಿಸುತ್ತಿದ್ದರು. ಒಂದೊಂದೇ ತೆಗೆದು, ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸ ಅದು. ಸೊಸೆ ಏಣಿಯ ಮೇಲೆ ನಿಂತು ಹಂಚು ದಾಟಿಸುತ್ತಿದ್ದಳು.

ಎಮರ್ಜೆನ್ಸಿ ಮುಗಿದ ಮರುವರ್ಷ, ಸಾಲಿನ ನಡುವಿನ ದೊಡ್ಡಮನೆಯ ಮಾಡಿನಲ್ಲಿ ಹಂಚಿನ ಭಾರ ಹೊರುವ ಮರದ ಪಕ್ಕಾಸು ಗೆದ್ದಲು ತಿಂದು ಮುರಿಯಿತು. ಮಗ ಅಂಗಳದ ಕಲ್ಲಿನ ಮೇಲೆ ಬಿದ್ದ. ಅವನಿಗೆ ಕೊಡಬೇಕಾಗಿದ್ದ ಹಂಚು ಸೊಸೆಯ ಕೈಯಲ್ಲೇ ಇತ್ತು. ಅವಳು ಏಣಿಯಿಂದ ಇಳಿದು, ಅದನ್ನು ಒಡೆಯದ ಹಾಗೆ ಗೋಡೆಗೆ ಒರಗಿಸಿಟ್ಟು, ಆಮೇಲೆ ಓಡಿದಳು. ಮಣಿಪಾಲಕ್ಕೆ ಕೊಂಡುಹೋಗುವ ದಾರಿಯಲ್ಲೇ ಅವನು ಹೋದ.

ಆಮೇಲೆ ಮಾಡನ್ನು ಯಾರೂ ಮುಟ್ಟಲಿಲ್ಲ. ಜೀವ ಹೋದ ಜಾಗ ಎಂದು ಕೆಲಸದವರು ಬರಲಿಲ್ಲ. ಆಟಿ ತಿಂಗಳ ಜಡಿಮಳೆಗೆ ದೊಡ್ಡಮನೆಯ ಗೋಡೆ ಉಬ್ಬಿತು, ಪಕ್ಕದ ಮನೆಯದು ಬಿದ್ದೇ ಹೋಯಿತು. ನಾವು ಒಲೆಯ ಮೇಲೆ ಗೋಣಿ ಕಟ್ಟಿ ಗಂಜಿ ಬೇಯಿಸಿದೆವು. ಎಲ್ಲವನ್ನೂ ಕೆಡವಿ ತಾರಸಿ ಹಾಕಿಸುವ ಮಾತು ಜಗಲಿಯಲ್ಲಿ ಶುರುವಾಯಿತು. ತಾರಸಿ ಬಂದರೆ ಅಲ್ಲಿ ನಮಗೆ ಜಾಗವಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮುಂದಿನ ಬೇಸಗೆಯ ಒಂದು ಬೆಳಿಗ್ಗೆ ಸೊಸೆ ಸೀರೆಯ ಮೇಲೆ ಗಂಡನ ಅಂಗಿ ಹಾಕಿಕೊಂಡು ಏಣಿ ಎತ್ತಿದಳು.

"ಎಂತ ಮಾಡ್ತಿ ನೀನು?" ಎಂದೆ.

"ಮಳೆ ಬರುವ ಮೊದಲು ಹಂಚು ಕೈಯಾಡಿಸ್ತೇನೆ ಅತ್ತೆ."

"ಒಬ್ಬನನ್ನು ಕೊಟ್ಟದ್ದು ಸಾಲದಾ ಆ ಮಾಡಿಗೆ?"

"ಮಾಡು ಹೋದ್ರೆ ಮಕ್ಕಳನ್ನು ಎಲ್ಲಿ ಮಲಗಿಸುವುದು, ನೀವೇ ಹೇಳಿ."

ನಾನು ಹೋಗಿ ಏಣಿಯ ಬುಡ ಹಿಡಿದೆ. ದೊಡ್ಡಮನೆಯ ಎದುರು ಜನ ಸೇರಿದರು, ಏಕೆಂದರೆ ಆ ಮಾಡಿನ ಅಡಿಯಲ್ಲೇ ಅವರ ದೇವರ ಕೋಣೆ.

"ಹೆಂಗಸು, ಅದೂ ಗಂಡ ಸತ್ತವಳು, ದೇವರ ತಲೆ ಮೇಲೆ ಕಾಲಿಡುವುದಾ?" ಎದುರುಮನೆಯ ಯಜಮಾನರು ಕೂಗಿದರು.

"ಹಾಗಾದ್ರೆ ನೀವೇ ಹತ್ತಿ," ಎಂದಳು ಸೊಸೆ, ಅರ್ಧ ಏಣಿಯಿಂದ. "ನಾನು ಹಂಚು ಕೊಡ್ತೇನೆ."

ಅವರ ಹೊಟ್ಟೆ ನೋಡಿ ಯಾರೋ ಹಿಂದಿನಿಂದ, "ಏಣಿ ತಡೆಯಲಿಕ್ಕಿಲ್ಲ ಮಾರಾಯ್ತಿ!" ಎಂದರು.

ನಗು ಎದ್ದಿತು. ಆದರೂ ಹತ್ತಲು ಯಾರೂ ಬಿಡಲಿಲ್ಲ. ಆಗ ದೊಡ್ಡಮನೆಯ ಅಮ್ಮ ಒಳಗೆ ಹೋದರು. ದೇವರನ್ನೂ ದೀಪವನ್ನೂ ಹರಿವಾಣದಲ್ಲಿ ಹೊತ್ತು ತಂದು ಅಂಗಳದ ತುಳಸಿಕಟ್ಟೆಯ ಮೇಲೆ ಇಟ್ಟರು.

"ಈಗ ಒಳಗೆ ದೇವರಿಲ್ಲ. ಹತ್ತು," ಎಂದರು. ಸೊಸೆಯ ಮುಖ ನೋಡದೆಯೇ ಹೇಳಿದರು. ಸೋರುವುದು ಅವರ ಮನೆಯೂ ಆಗಿತ್ತಲ್ಲ.

ಅಲ್ಲಿಂದ ಹದಿನೈದು ವರ್ಷ, ಪ್ರತಿ ಬೇಸಗೆ ಹಾಗೆಯೇ ನಡೆಯಿತು. ಅವಳು ಬರುವಾಗ ಒಂದೊಂದೇ ಮನೆಯ ದೇವರು ಹೊರಗೆ ಬರುತ್ತಿದ್ದರು. ಅವಳು ಪಕ್ಕದ ಮಾಡಿಗೆ ದಾಟಿದ ಮೇಲೆ ಕೋಣೆಗೆ ನೀರು ಚಿಮುಕಿಸಿ, ಶುದ್ಧ ಮಾಡಿ, ದೇವರನ್ನು ಒಳಗೆ ಒಯ್ಯುತ್ತಿದ್ದರು. ಅವಳು ಅದನ್ನು ಮೇಲಿನಿಂದ ನೋಡುತ್ತಲೇ ಹಂಚು ಜೋಡಿಸುತ್ತಿದ್ದಳು. ನನ್ನೊಡನೆ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಅವಳು ಮೇಲಿದ್ದಷ್ಟು ಹೊತ್ತು ನಾನು ಏಣಿಯ ಬುಡ ಬಿಡುತ್ತಿರಲಿಲ್ಲ. ಪ್ರತಿ ಸಲ ಹಂಚು ಸದ್ದಾದಾಗ ಮಗನೇ ಮತ್ತೆ ಬಿದ್ದ ಹಾಗೆ ಆಗುತ್ತಿತ್ತು. ಎದುರಿನ ಸಾಲು ಪೂರ್ತಿ ತಾರಸಿಯಾಯಿತು. ನಮ್ಮದು ಉಳಿಯಿತು. ಈಗ ಉಡುಪಿಯ ಕಡೆಯಿಂದೆಲ್ಲ ಜನ ಬಂದು ಕಂಬ ಮುಟ್ಟಿ ನೋಡಿ ಹೋಗುತ್ತಾರೆ.

ಆದಿತ್ಯವಾರ ಭಾಷಣಗಳೆಲ್ಲ ಮುಗಿದ ಮೇಲೆ ದೊಡ್ಡಮನೆಯ ಅಮ್ಮ ಮೈಕ್ ಕೇಳಿ ತೆಗೆದುಕೊಂಡರು. ಅವರಿಗೀಗ ಬೆನ್ನು ಬಾಗಿದೆ.

"ಇನ್ನು ಇವಳು ಹತ್ತುವಾಗ ನಮ್ಮಲ್ಲಿ ದೇವರನ್ನು ಹೊರಗೆ ತರುವುದಿಲ್ಲ," ಎಂದರು. "ವರ್ಷ ವರ್ಷ ಬಿಸಿಲಿಗೆ ಕೂತು ದೇವರಿಗೂ ಸಾಕಾಗಿದೆ, ಅಲ್ವಾ ಮಾರಾಯ್ರೆ?"

ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ಶಾಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಾ ನಿಂತಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಸಂಜೆ ನಾನೇ ಬಂಗುಡೆ ಸಾರು ಮಾಡಿದೆ. ಕಟಪಾಡಿಯಿಂದ ಮಗಳು, ಅಳಿಯ ಬಂದಿದ್ದರು. ದಿನವೂ ನಮಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಸೊಸೆಯನ್ನು ಹಿಡಿದು ನಡುವೆ ಕೂರಿಸಿದೆ.

"ಅಮ್ಮ, ಶಾಲು ತೆಗಿ, ಸಾರು ಬೀಳ್ತದೆ," ಎಂದಳು ಮೊಮ್ಮಗಳು.

"ಬೀಳಲಿ, ಒಗೆದ್ರೆ ಹೋಗ್ತದೆ," ಎಂದು ಸೊಸೆ ಬಟ್ಟಲು ನನ್ನ ಕಡೆ ತಳ್ಳಿದಳು. "ಇನ್ನೊಂದು ಮೀನು ಹಾಕಿ ಅತ್ತೆ. ನೀವೂ ಕೂತುಕೊಳ್ಳಿ."

ನಾನು ಪಾತ್ರೆಯನ್ನು ಎಲ್ಲರ ಕೈಗೆ ಎಟಕುವಂತೆ ಮಧ್ಯದಲ್ಲಿಟ್ಟು ಕೂತೆ. ಎಲ್ಲರೂ ಒಟ್ಟಿಗೆ ಉಂಡೆವು.